ಭಾಷೆಯೊಂದನ್ನು ಕಟ್ಟಿ ಬಿಟ್ಟುಕೊಟ್ಟ ಡಾ. ಜಾಮೆನ್‌ಹಾಫ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಕುರಿತು ಲೇಖನ ಬರೆದುಕೊಡಬೇಕೆಂದು ಸಂಚಿಕೆ ಸಮಿತಿಯ ಹಿರಿಯರು ಫೋನ್ ಮಾಡಿದಾಗ ನಾನು ಹಿಂಜರಿದೆ. ಗಾಂಧೀಜಿ, ವಿಶ್ವೇಶ್ವರಯ್ಯ, ಕುವೆಂಪು ಮೊದಲಾದವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ಗುರುಗಳಲ್ಲೇ ಇದ್ದಾರೆ. ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡಿರುವವನು. ದಿನವಿಡೀ ಬರೆಯುವುದೇನೋ ನಿಜ, ಆದರೆ ಅದನ್ನು ಓದುವುದು ಕಂಪ್ಯೂಟರ್ ಮಾತ್ರ. ಕೊನೆಗೆ ಹೈಸ್ಕೂಲ್ ದಿನಗಳ ಒಂದು ನೋಟ್‌ಬುಕ್ ನೆನಪಾಗಿ, ಅದರ ನೆಪದಲ್ಲಿ ಈ ಲೇಖನ ಬರೆಯಲು ಒಪ್ಪಿಕೊಂಡೆ.

ಒಂಬತ್ತನೇ ತರಗತಿಯಲ್ಲಿ ನಾವು ಮೂವರು ಗೆಳೆಯರು ಸೇರಿ ಒಂದು ಭಾಷೆ ಮಾಡಿದ್ದೆವು. ನನ್ನ ಮನೆಮಾತು ಕನ್ನಡ, ಒಬ್ಬನದು ಲಂಬಾಣಿ, ಇನ್ನೊಬ್ಬನದು ಉರ್ದು. ಅಕ್ಷರಕ್ಕೊಂದು ಪಕಾರ ಸೇರಿಸಿ ಮಾತಾಡುವ ಆಟ ಎಲ್ಲರಿಗೂ ಗೊತ್ತಾಗಿಹೋಗಿತ್ತು. ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡುವುದನ್ನು ನೋಡಿದ್ದ ನಮಗೆ ನಮ್ಮದೇ ಆದ ಗುಟ್ಟಿನ ಮಾತು ಬೇಕೆನಿಸಿತು. ಗಣಿತದ ನೋಟ್‌ಬುಕ್ಕಿನ ಹಿಂಬದಿಯಿಂದ ಶುರುಮಾಡಿ ಇನ್ನೂರು ಪದ ಬರೆದೆವು. ಒಂದು ದಿನ ಅದು ಕನ್ನಡ ಮೇಷ್ಟ್ರ ಕೈಗೆ ಸಿಕ್ಕಿತು. ಏಟು ಬೀಳುತ್ತದೆಂದು ಕೈ ಚಾಚಿ ನಿಂತೆವು. ಅವರು ನಾಲ್ಕು ಹಾಳೆ ತಿರುವಿ, ಇದು ಎಷ್ಟು ಜನಕ್ಕೆ ಬರುತ್ತದೆ ಎಂದು ಕೇಳಿದರು. ಮೂರು ಜನಕ್ಕೆ ಎಂದೆವು. ಬೇರೇನೂ ಹೇಳದೆ ಪುಸ್ತಕ ವಾಪಸ್ ಕೊಟ್ಟರು. ಆ ಪ್ರಶ್ನೆಯ ಅರ್ಥ ನನಗಾದದ್ದು ಇಂಜಿನಿಯರಿಂಗ್ ಓದುವಾಗ, ಗ್ರಂಥಾಲಯದಲ್ಲಿ ಲುಡ್ವಿಕ್ ಲಾಜರ್ ಜಾಮೆನ್‌ಹಾಫ್ ಎಂಬ ಕಣ್ಣಿನ ವೈದ್ಯರ ಜೀವನ ಓದಿದ ಮೇಲೆ. ಅವರೂ ಹೈಸ್ಕೂಲಿನಲ್ಲಿರುವಾಗಲೇ ನೋಟ್‌ಬುಕ್ಕಿನಲ್ಲಿ ಒಂದು ಭಾಷೆ ಕಟ್ಟಿದ್ದರು. ಅದು ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿ ಜನರಿಗೆ ಬರುತ್ತದೆ. ಅದರ ಹೆಸರು ಎಸ್ಪೆರಾಂಟೊ.

ಜಾಮೆನ್‌ಹಾಫ್ ಹುಟ್ಟಿದ್ದು 1859ರ ಡಿಸೆಂಬರ್ 15ರಂದು, ಬಿಯಾಲಿಸ್ಟೋಕ್ ಎಂಬ ಊರಿನಲ್ಲಿ. ಈಗ ಅದು ಪೋಲೆಂಡ್ ದೇಶದ ಈಶಾನ್ಯ ಭಾಗದಲ್ಲಿದೆ. ಆಗ ಪೋಲೆಂಡ್ ಎಂಬ ಸ್ವತಂತ್ರ ದೇಶವೇ ಇರಲಿಲ್ಲ, ಊರು ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಬಟ್ಟೆ ಗಿರಣಿಗಳ ಊರು. ಯಹೂದಿಗಳು ಯಿಡ್ಡಿಶ್ ಆಡುತ್ತಿದ್ದರು, ಪೋಲರು ಪೋಲಿಷ್, ಜರ್ಮನರು ಜರ್ಮನ್, ಸರ್ಕಾರಿ ನೌಕರರು ಮತ್ತು ಸೈನಿಕರು ರಷ್ಯನ್, ಸುತ್ತಲ ಹಳ್ಳಿಯ ರೈತರು ಬೆಲಾರೂಸಿನ ಮಾತು. ನಮ್ಮ ಚನ್ನಗಿರಿಯ ಸಂತೆಯಲ್ಲೂ ಕನ್ನಡ, ಲಂಬಾಣಿ, ಉರ್ದು, ತೆಲುಗು ಒಟ್ಟಿಗೇ ಕೇಳುತ್ತವೆ. ಆದರೆ ನಮ್ಮಲ್ಲಿ ತರಕಾರಿ ಮಾರುವ ಅಜ್ಜಿ ಗಿರಾಕಿಯ ಮುಖ ನೋಡಿಯೇ ಭಾಷೆ ಬದಲಾಯಿಸುತ್ತಾಳೆ. ಬಿಯಾಲಿಸ್ಟೋಕಿನಲ್ಲಿ ಹಾಗಿರಲಿಲ್ಲ. ಅಲ್ಲಿ ಬಾಯಿ ಬಿಟ್ಟ ಕೂಡಲೇ ನೀನು ಯಾವ ಪಂಗಡದವನು ಎಂಬುದು ಗೊತ್ತಾಗುತ್ತಿತ್ತು, ಗೊತ್ತಾದ ಕೂಡಲೇ ತಿರಸ್ಕಾರ, ಬೈಗುಳ, ಕೆಲವೊಮ್ಮೆ ಕಲ್ಲು. ಮನುಷ್ಯರೆಲ್ಲ ಒಂದೇ ಎಂದು ಮನೆಯಲ್ಲಿ ಕಲಿತಿದ್ದ ಹುಡುಗ ಬೀದಿಗೆ ಬಂದು ನೋಡಿದರೆ ಅಲ್ಲಿ ಮನುಷ್ಯರೇ ಇಲ್ಲ, ರಷ್ಯನ್ನರು, ಪೋಲರು, ಜರ್ಮನರು, ಯಹೂದಿಗಳು ಮಾತ್ರ ಇದ್ದಾರೆ ಎನಿಸಿತೆಂದು ಮುಂದೆ ಅವರೇ ಬರೆದುಕೊಂಡಿದ್ದಾರೆ.

ಮನೆಯವರು ಯಹೂದಿಗಳು. ತಂದೆ ಮಾರ್ಕುಸ್ ಭಾಷೆ ಕಲಿಸುವ ಮೇಷ್ಟ್ರು, ಬಹಳ ಶಿಸ್ತಿನವರು. ತಾಯಿ ರೊಜಾಲಿಯಾ ಮೃದು ಸ್ವಭಾವದವರು. ಲಾಜರ್ ಹಿರಿಯ ಮಗ, ಅವನ ಹಿಂದೆ ತಮ್ಮ ತಂಗಿಯರ ಸಾಲೇ ಇತ್ತು. ಮನೆಯಲ್ಲಿ ರಷ್ಯನ್ ಮತ್ತು ಯಿಡ್ಡಿಶ್, ಬೀದಿಯಲ್ಲಿ ಪೋಲಿಷ್, ತಂದೆಯಿಂದ ಜರ್ಮನ್ ಮತ್ತು ಫ್ರೆಂಚ್, ಧರ್ಮಗ್ರಂಥಕ್ಕಾಗಿ ಹೀಬ್ರೂ. ಹೀಗೆ ಹುಡುಗ ಭಾಷೆಗಳ ನಡುವೆಯೇ ಬೆಳೆದ. 1873ರಲ್ಲಿ ಕುಟುಂಬ ವಾರ್ಸಾ ನಗರಕ್ಕೆ ಬಂತು. ತಂದೆ ಅಲ್ಲಿ ಜರ್ಮನ್ ಪಾಠ ಹೇಳುವುದರ ಜೊತೆಗೆ ಸರ್ಕಾರದ ಪರವಾಗಿ ಪತ್ರಿಕೆ ಪುಸ್ತಕಗಳನ್ನು ಪರಿಶೀಲಿಸುವ ಕೆಲಸವನ್ನೂ ಹಿಡಿದರು. ಮಗ ಪ್ರೌಢಶಾಲೆ ಸೇರಿ ಲ್ಯಾಟಿನ್, ಗ್ರೀಕ್ ಕಲಿಯತೊಡಗಿದ.

ಎಲ್ಲರಿಗೂ ಸೇರುವ, ಆದರೆ ಯಾರೊಬ್ಬರದೂ ಅಲ್ಲದ ಒಂದು ಭಾಷೆ ಬೇಕೆಂಬ ಯೋಚನೆ ಅವನ ತಲೆ ಹೊಕ್ಕಿದ್ದು ಈ ವಯಸ್ಸಿನಲ್ಲೇ. ರಷ್ಯನ್ ಅಂದರೆ ಪೋಲರು ಒಪ್ಪುವುದಿಲ್ಲ, ಜರ್ಮನ್ ಅಂದರೆ ರಷ್ಯನ್ನರು ಒಪ್ಪುವುದಿಲ್ಲ. ಹಾಗಾದರೆ ಸತ್ತ ಭಾಷೆಯನ್ನೇ ಎಬ್ಬಿಸಿದರೆ ಹೇಗೆ? ಲ್ಯಾಟಿನ್ ಯಾರ ಮನೆಮಾತೂ ಅಲ್ಲವಲ್ಲ. ಆದರೆ ಅದರ ವಿಭಕ್ತಿ, ಲಿಂಗ, ಕ್ರಿಯಾರೂಪಗಳ ಕೋಷ್ಟಕಗಳನ್ನು ಬಾಯಿಪಾಠ ಮಾಡುತ್ತಾ ಮಾಡುತ್ತಾ, ಗಿರಣಿಯ ಕೂಲಿಯವನು ಇದನ್ನು ಎಂದಾದರೂ ಕಲಿತಾನೇ ಎಂಬ ಅನುಮಾನ ಬಂತು. ಆಮೇಲೆ ಐದನೇ ತರಗತಿಯಲ್ಲಿ ಇಂಗ್ಲಿಷ್ ಕಲಿಯಲು ಕುಳಿತಾಗ ಕಣ್ಣು ತೆರೆಯಿತು. ಲ್ಯಾಟಿನ್ನಿನ ಅಷ್ಟು ದೊಡ್ಡ ಕೋಷ್ಟಕಗಳಿಲ್ಲದೆಯೂ ಇಂಗ್ಲಿಷಿನವರು ಮಾತಾಡಿಕೊಂಡು ಆರಾಮಾಗಿದ್ದಾರೆ. ಅಂದರೆ ವ್ಯಾಕರಣದ ಬಹುಪಾಲು ಚರಿತ್ರೆಯಲ್ಲಿ ಜಮೆಯಾದದ್ದು, ಅಗತ್ಯದ್ದಲ್ಲ. ಹುಡುಗ ತನ್ನ ಭಾಷೆಯ ವ್ಯಾಕರಣವನ್ನು ಕತ್ತರಿಸುತ್ತಾ ಹೋಗಿ ಕೆಲವೇ ಪುಟಗಳಿಗೆ ಇಳಿಸಿದ.

ಉಳಿದದ್ದು ಪದಕೋಶ. ಅದರ ದಪ್ಪ ಅವನನ್ನು ಹೆದರಿಸುತ್ತಿತ್ತು. ವ್ಯಾಕರಣ ಎಷ್ಟೇ ಸುಲಭವಾದರೂ ಸಾವಿರಾರು ಪದ ಬಾಯಿಪಾಠ ಮಾಡುವವರು ಯಾರು? ಒಂದು ದಿನ ಬೀದಿಯಲ್ಲಿ ಹೋಗುವಾಗ ಎರಡು ರಷ್ಯನ್ ಬೋರ್ಡುಗಳು ಕಣ್ಣಿಗೆ ಬಿದ್ದವು. ಒಂದು ದ್ವಾರಪಾಲಕನ ಕೋಣೆ, ಇನ್ನೊಂದು ಮಿಠಾಯಿ ಅಂಗಡಿ. ಎರಡು ಹೆಸರಿಗೂ ಕೊನೆಯಲ್ಲಿ ಒಂದೇ ಪ್ರತ್ಯಯ. ದಿನಾ ನೋಡುತ್ತಿದ್ದ ಬೋರ್ಡು ಆ ದಿನ ಬೇರೆಯಾಗಿ ಕಂಡಿತು. ಒಂದು ಪ್ರತ್ಯಯ ಗೊತ್ತಿದ್ದರೆ ಒಂದು ಪದದಿಂದ ಹತ್ತು ಪದ ಮಾಡಬಹುದು, ಅವನ್ನು ಬೇರೆಯಾಗಿ ಕಲಿಯಬೇಕಾಗಿಲ್ಲ. ತಲೆಯ ಮೇಲಿದ್ದ ಹೊರೆ ಅಲ್ಲೇ ಇಳಿದಂತಾಯಿತು. ಕನ್ನಡದವರಾದ ನಮಗೆ ಇದರಲ್ಲಿ ಅಂಥ ಆಶ್ಚರ್ಯವಿಲ್ಲ. ಬಳೆಗೆ ಗಾರ ಸೇರಿಸಿದರೆ ಬಳೆಗಾರ, ಹೂವಿಗೆ ಸೇರಿಸಿದರೆ ಹೂಗಾರ. ವಿದ್ಯೆಗೆ ಆಲಯ ಸೇರಿದರೆ ವಿದ್ಯಾಲಯ, ಗ್ರಂಥಕ್ಕೆ ಸೇರಿದರೆ ಗ್ರಂಥಾಲಯ. ಎಂಟನೇ ತರಗತಿಯ ವ್ಯಾಕರಣದಲ್ಲಿ ನಾವು ಬೈದುಕೊಂಡು ಓದಿದ್ದೇ ಇದು.

ಅವರ ಭಾಷೆ ಮುಂದೆ ಪೂರ್ಣವಾದ ರೂಪದಿಂದ ಒಂದೆರಡು ಉದಾಹರಣೆ ಕೊಡುತ್ತೇನೆ. ಮಾರೊ ಅಂದರೆ ಸಮುದ್ರ, ಮಾರಿಸ್ಟೊ ಅಂದರೆ ಸಮುದ್ರವನ್ನೇ ನೆಚ್ಚಿದ ನಾವಿಕ. ಲೆರ್ನಿ ಎಂದರೆ ಕಲಿಯುವುದು, ಲೆರ್ನೇಯೊ ಎಂದರೆ ಕಲಿಯುವ ಜಾಗ, ಅಂದರೆ ಶಾಲೆ. ಬೋನಾ ಒಳ್ಳೆಯದು, ಮುಂದೆ ಮಲ್ ಎಂದು ಸೇರಿಸಿದರೆ ಮಲ್‌ಬೋನಾ, ಕೆಟ್ಟದ್ದು. ನಾವು ನ್ಯಾಯಕ್ಕೆ ಅನ್ಯಾಯ ಎಂದು ಮಾಡಿಕೊಂಡಂತೆ. ನಾಮಪದವೆಲ್ಲ ಒಕಾರದಿಂದ ಮುಗಿಯುತ್ತದೆ, ವಿಶೇಷಣವೆಲ್ಲ ಅಕಾರದಿಂದ. ಲೆರ್ನಾಸ್ ವರ್ತಮಾನ, ಲೆರ್ನಿಸ್ ಭೂತ, ಲೆರ್ನೋಸ್ ಭವಿಷ್ಯತ್. ನಾನು, ನೀನು, ಅವರು ಯಾರು ಕಲಿತರೂ ಕ್ರಿಯಾಪದ ಬದಲಾಗುವುದಿಲ್ಲ, ಒಂದು ಅಪವಾದವೂ ಇಲ್ಲ. ಕನ್ನಡದಂತೆಯೇ ಬರೆದಂತೆ ಓದುವುದು, ಓದಿದಂತೆ ಬರೆಯುವುದು.

ಪದಗಳನ್ನು ಎಲ್ಲಿಂದ ತರಬೇಕು ಎಂಬುದರಲ್ಲೂ ಹುಡುಗ ಒಮ್ಮೆ ಎಡವಿದ. ಮೊದಲು ಅವನು ಒಂದೆರಡು ಅಕ್ಷರದ ಚಿಕ್ಕ ಚಿಕ್ಕ ಪದಗಳನ್ನು ಲೆಕ್ಕ ಹಾಕಿ ಹುಟ್ಟಿಸಿ, ಒಂದೊಂದಕ್ಕೆ ಒಂದೊಂದು ಅರ್ಥ ಕೊಟ್ಟ. ಕಾಗದದ ಮೇಲೆ ಬಹಳ ಚೆನ್ನಾಗಿತ್ತು, ಆದರೆ ಕಟ್ಟಿದವನಿಗೇ ನೆನಪಿರಲಿಲ್ಲ. ನಮ್ಮ ಕೆಲಸದಲ್ಲೂ ಹೊಸದಾಗಿ ಸೇರಿದ ಹುಡುಗರು ಎ1, ಬಿ2 ಎಂದೆಲ್ಲ ಹೆಸರಿಟ್ಟು ಪ್ರೋಗ್ರಾಂ ಬರೆದು, ಮೂರು ತಿಂಗಳ ನಂತರ ತಾವೇ ಬರೆದದ್ದು ಅರ್ಥವಾಗದೆ ತಲೆ ಕೆರೆದುಕೊಳ್ಳುತ್ತಾರೆ. ಅವನು ಆ ಪಟ್ಟಿಯನ್ನು ಬಿಸಾಕಿ, ಯುರೋಪಿನ ಹಲವು ಭಾಷೆಗಳಲ್ಲಿ ಆಗಲೇ ಓಡಾಡುತ್ತಿದ್ದ ಪದಗಳ ಬೇರುಗಳನ್ನೇ ಆರಿಸಿಕೊಂಡ. ಇದರಿಂದ ಯುರೋಪಿನವರಿಗೆ ಅನುಕೂಲವಾಯಿತು, ನಮ್ಮಂಥವರಿಗೆ ಅಷ್ಟಿಲ್ಲ. ಎಲ್ಲರದೂ ಆಗಬೇಕಾದ ಭಾಷೆಗೆ ಇದೊಂದು ಕೊರತೆಯೆಂದೇ ನನ್ನ ಅಭಿಪ್ರಾಯ.

ನಮ್ಮಲ್ಲೂ 13ನೇ ಶತಮಾನದಲ್ಲಿ ಆಂಡಯ್ಯ ಕವಿ ಸಂಸ್ಕೃತ ಪದಗಳನ್ನು ಹಾಗೆಹಾಗೇ ಬಳಸದೆ, ಅಚ್ಚಗನ್ನಡ ಮತ್ತು ತದ್ಭವಗಳಲ್ಲೇ ಕಬ್ಬಿಗರ ಕಾವ ಎಂಬ ಕಾವ್ಯ ಬರೆದ. ಅವನೂ ಭಾಷೆಗೆ ತಾನೇ ಒಂದು ನಿಯಮ ಹಾಕಿ ನಡೆಸಿ ತೋರಿಸಿದವನು. ಆದರೆ ಅವನಿಗೆ ಕಾಲಿಡಲು ಕನ್ನಡದ ನೆಲವಿತ್ತು. ವಾರ್ಸಾದ ಹುಡುಗ ನೆಲವನ್ನೂ ತಾನೇ ಮಾಡಿಕೊಳ್ಳಬೇಕಿತ್ತು.

1878ರ ಡಿಸೆಂಬರ್ 17ರಂದು, ಅವನಿಗೆ ಹತ್ತೊಂಬತ್ತು ತುಂಬಿದ ಎರಡು ದಿನಕ್ಕೆ, ಕೆಲವು ಸಹಪಾಠಿಗಳು ಅವನ ಮನೆಯಲ್ಲಿ ಸೇರಿದರು. ಮೇಜಿನ ಮೇಲೆ ಹೊಸ ಭಾಷೆಯ ವ್ಯಾಕರಣ, ಪದಕೋಶ, ಕೆಲವು ಅನುವಾದಗಳಿದ್ದವು. ಎಲ್ಲರೂ ಆ ಭಾಷೆಯಲ್ಲೇ ಮಾತಾಡಿದರು, ಅದರಲ್ಲೇ ಒಂದು ಹಾಡು ಹಾಡಿದರು. ಭಾಷೆಗೆ ಅವನು ಇಟ್ಟ ಹೆಸರು ಲಿಂಗ್ವೆ ಊನಿವೆರ್ಸಾಲಾ, ವಿಶ್ವಭಾಷೆ ಎಂದು ಅರ್ಥ. ಮುಂದಿನ ಜೂನ್‌ನಲ್ಲಿ ಶಾಲೆ ಮುಗಿದು ಎಲ್ಲರೂ ಚದುರಿದರು. ಗೆಳೆಯರು ಹೊರಗೆ ಒಂದಿಬ್ಬರು ದೊಡ್ಡವರ ಹತ್ತಿರ ಭಾಷೆಯ ವಿಷಯ ಎತ್ತಿ ನೋಡಿದರು, ನಗೆಪಾಟಲಾದರು, ತಮಗೂ ಅದಕ್ಕೂ ಸಂಬಂಧವಿಲ್ಲವೆಂದು ಜಾರಿಕೊಂಡರು. ಆ ಭಾಷೆ ಬಲ್ಲವನು ಒಬ್ಬನೇ ಉಳಿದ.

ತಂದೆಗೆ ಇದು ಹಿಡಿಸಿರಲಿಲ್ಲ. ಯಹೂದಿ ಹುಡುಗನಿಗೆ ಆ ರಾಜ್ಯದಲ್ಲಿ ಮರ್ಯಾದೆಯಿಂದ ಬದುಕಲು ಇದ್ದ ದಾರಿಗಳೇ ಕಡಿಮೆ, ಅದರಲ್ಲಿ ವೈದ್ಯವೃತ್ತಿ ಒಂದು. ಹಿರಿಯ ಮಗ ಗೀಳು ಹಿಡಿಸಿಕೊಂಡು ಓದು ಕೆಡಿಸಿಕೊಂಡರೆ ಮನೆಯ ಗತಿ ಏನು ಎಂಬುದು ಅವರ ಚಿಂತೆ. ನಮ್ಮ ಊರಿನ ಯಾವ ತಂದೆಯಾದರೂ ಇದೇ ಚಿಂತೆ ಮಾಡುತ್ತಿದ್ದರು. ಹುಡುಗನನ್ನು ಮೆಡಿಕಲ್ ಓದಲು ಮಾಸ್ಕೋಗೆ ಕಳಿಸುವ ಮುಂಚೆ, ಓದು ಮುಗಿಯುವವರೆಗೆ ಭಾಷೆಯ ತಂಟೆಗೆ ಹೋಗುವುದಿಲ್ಲವೆಂದು ಮಾತು ತೆಗೆದುಕೊಂಡರು, ನೋಟ್‌ಬುಕ್ಕುಗಳನ್ನು ತಾವೇ ಇಟ್ಟುಕೊಂಡರು. ಎರಡು ವರ್ಷ ಕಳೆದು 1881ರಲ್ಲಿ, ಮಾಸ್ಕೋದ ಖರ್ಚು ನಿಭಾಯಿಸಲಾಗದೆ ಮಗ ವಾರ್ಸಾಗೆ ವಾಪಸ್ ಬಂದ. ನೋಟ್‌ಬುಕ್ ಎಲ್ಲಿ ಎಂದು ಹುಡುಕಿದರೆ ತಂದೆ ಅವನ್ನು ಸುಟ್ಟುಹಾಕಿದ್ದರೆಂದು ಅವರ ಜೀವನಚರಿತ್ರೆಗಳಲ್ಲಿ ಬರುತ್ತದೆ. ತಾಯಿಗೆ ಇದು ಗೊತ್ತಿದ್ದೂ ಹೇಳಲಾರದೆ ಒಳಗೇ ನೊಂದಿದ್ದರಂತೆ. ಮಗ ಜಗಳವಾಡಲಿಲ್ಲ. ಕೊಟ್ಟ ಮಾತಿನಿಂದ ಬಿಡುಗಡೆ ಕೇಳಿದ. ನೆನಪಿನಿಂದಲೇ ಮತ್ತೆ ಬರೆಯಲು ಕುಳಿತ.

ನನಗೆ ಬಹಳ ಮುಖ್ಯವಾಗಿ ಕಾಣುವುದು ಅಲ್ಲಿಂದ ಮುಂದಿನ ಆರು ವರ್ಷ. ಮೆಡಿಕಲ್ ಓದುತ್ತಲೇ ಅವರು ಆ ಭಾಷೆಯನ್ನು ಪರೀಕ್ಷೆ ಮಾಡುತ್ತಾ ಹೋದರು. ಪುಸ್ತಕಗಳನ್ನು ಅನುವಾದಿಸಿದರು, ಸ್ವಂತ ಕವಿತೆ ಬರೆದರು. ನಿಯಮವಾಗಿ ಚೆನ್ನಾಗಿ ಕಂಡದ್ದು ಬಳಸುವಾಗ ಮುಗ್ಗರಿಸುತ್ತಿತ್ತು. ಕೆಲವನ್ನು ಕಡಿದರು, ಕೆಲವನ್ನು ಬದಲಿಸಿದರು. ಕೊನೆಗೆ ಬೇರೆ ಭಾಷೆಯಿಂದ ಅನುವಾದಿಸುವುದನ್ನೇ ನಿಲ್ಲಿಸಿ, ನೇರವಾಗಿ ಆ ಭಾಷೆಯಲ್ಲೇ ಯೋಚಿಸಲು ಪ್ರಯತ್ನಿಸಿದರು. ಆಗ ಅದು ಇನ್ನೊಂದರ ನೆರಳಾಗಿರುವುದು ತಪ್ಪಿ, ತನ್ನದೇ ನಡಿಗೆ ಕಲಿತದ್ದು ಅವರ ಅನುಭವಕ್ಕೆ ಬಂತು. ಸಾಫ್ಟ್‌ವೇರ್ ಬರೆಯುವವರಿಗೆ ಒಂದು ರಾತ್ರಿ ಕುಳಿತು ಪ್ರೋಗ್ರಾಂ ಬರೆಯುವುದು ಕಷ್ಟವಲ್ಲ, ಅದನ್ನು ಬಳಸಿ ಬಳಸಿ ತಪ್ಪು ಹುಡುಕುವುದು ಕಷ್ಟ. ಆ ಎರಡನೆಯ ಕೆಲಸಕ್ಕೆ ಇವರು ಆರು ವರ್ಷ ಕೊಟ್ಟರು. ಹೊರಗಿನ ಕಾಲವೂ ಒಳ್ಳೆಯದಿರಲಿಲ್ಲ. 1881ರಲ್ಲಿ ರಷ್ಯಾದ ಚಕ್ರವರ್ತಿಯ ಕೊಲೆಯಾದ ಮೇಲೆ ಯಹೂದಿಗಳ ಮೇಲೆ ಸಾಲು ಸಾಲು ಹಲ್ಲೆ ನಡೆದವು, ವಾರ್ಸಾದಲ್ಲೂ ನಡೆದವು. ಸ್ವಲ್ಪ ಕಾಲ ಅವರು ಯಹೂದಿಗಳಿಗೇ ಒಂದು ನಾಡು ಬೇಕೆಂಬ ಚಳವಳಿಯಲ್ಲಿ ದುಡಿದು, ಕೊನೆಗೆ ಒಂದು ಜನಾಂಗಕ್ಕೆ ಸೀಮಿತವಾಗುವುದು ತಮ್ಮ ದಾರಿಯಲ್ಲವೆಂದು ಹೊರಬಂದರು.

1885ರಲ್ಲಿ ಡಾಕ್ಟರಾದರು. ಮೊದಲು ಸಣ್ಣ ಊರೊಂದರಲ್ಲಿ ಸಾಮಾನ್ಯ ವೈದ್ಯರಾಗಿ ಕುಳಿತರು. ಆದರೆ ಕಣ್ಣೆದುರು ರೋಗಿಗಳು ಸಾಯುವುದನ್ನು ನೋಡುವ ಗಟ್ಟಿತನ ಅವರಿಗಿರಲಿಲ್ಲ. ಅದಕ್ಕಾಗಿ ಕಣ್ಣಿನ ವಿಭಾಗ ಆರಿಸಿಕೊಂಡು ವಾರ್ಸಾ, ವಿಯೆನ್ನಾಗಳಲ್ಲಿ ತರಬೇತಿ ಪಡೆದರು. ಭಾಷೆಯ ಪುಸ್ತಕಕ್ಕೆ ಎರಡು ವರ್ಷ ಪ್ರಕಾಶಕರನ್ನು ಹುಡುಕಿದರೂ ಯಾರೂ ಸಿಗಲಿಲ್ಲ. ಆಗ ಕ್ಲಾರಾ ಸಿಲ್ಬರ್ನಿಕ್ ಅವರೊಂದಿಗೆ ಮದುವೆ ನಿಶ್ಚಯವಾಯಿತು. ಕ್ಲಾರಾ ಅವರ ತಂದೆ ಸೋಪಿನ ಕಾರ್ಖಾನೆ ನಡೆಸುತ್ತಿದ್ದವರು. ಅಳಿಯನಾಗುವವನ ಹುಚ್ಚು ಎಂದು ನಗದೆ ಹಣ ಕೊಟ್ಟರು. 1887ರ ಜುಲೈ 26ರಂದು ವಾರ್ಸಾದಲ್ಲಿ ರಷ್ಯನ್ ಭಾಷೆಯಲ್ಲಿ 40 ಪುಟದ ಒಂದು ತೆಳ್ಳನೆ ಪುಸ್ತಕ ಹೊರಬಂತು. ಎರಡು ವಾರಕ್ಕೆ, ಆಗಸ್ಟ್ 9ರಂದು ಮದುವೆ. ಹೊಸ ದಂಪತಿ ಪುಸ್ತಕಗಳನ್ನು ಲಕೋಟೆಗೆ ಹಾಕಿ ವಿಳಾಸ ಬರೆದು ದೇಶ ವಿದೇಶಗಳಿಗೆ ಕಳಿಸಿದರು.

ವೃತ್ತಿಗೆ ತೊಂದರೆಯಾಗದಿರಲೆಂದು ಪುಸ್ತಕದ ಮೇಲೆ ಸ್ವಂತ ಹೆಸರು ಹಾಕಲಿಲ್ಲ, ಡಾಕ್ಟರ್ ಎಸ್ಪೆರಾಂಟೊ ಎಂದು ಹಾಕಿದರು. ಭರವಸೆ ಇಟ್ಟುಕೊಂಡವನು ಎಂದು ಅದರ ಅರ್ಥ. ಜನ ಆ ಹೆಸರನ್ನೇ ಭಾಷೆಗೆ ಕರೆದರು. ಪುಸ್ತಕದಲ್ಲಿ ಇದ್ದದ್ದು ವ್ಯಾಕರಣದ 16 ನಿಯಮ, 900ಕ್ಕೂ ಸ್ವಲ್ಪ ಹೆಚ್ಚು ಪದಮೂಲಗಳು, ಕೆಲವು ಅನುವಾದ ಮತ್ತು ಕವಿತೆ. ಜೊತೆಗೆ ಒಂದು ಚೀಟಿ. ಒಂದು ಕೋಟಿ ಜನ ಇದೇ ಮಾತು ಕೊಟ್ಟರೆ ನಾನೂ ಈ ಭಾಷೆ ಕಲಿಯುತ್ತೇನೆ ಎಂದು ಸಹಿ ಹಾಕಿ ಕಳಿಸಬೇಕು. ಕೋಟಿ ಬರಲಿಲ್ಲ. ಎರಡು ವರ್ಷದ ನಂತರ ಅವರು ಅಚ್ಚು ಹಾಕಿಸಿದ ವಿಳಾಸದ ಪಟ್ಟಿಯಲ್ಲಿದ್ದದ್ದು 1000 ಹೆಸರು. ಆದರೆ ಪುಸ್ತಕದ ಆರಂಭದಲ್ಲೇ ಇನ್ನೊಂದು ಮಾತಿತ್ತು. ಅಂತರರಾಷ್ಟ್ರೀಯ ಭಾಷೆ ಬೇರೆಲ್ಲ ಭಾಷೆಗಳಂತೆ ಸಮಾಜದ ಸೊತ್ತು, ಇದರ ಮೇಲೆ ತನ್ನ ಸಕಲ ಹಕ್ಕನ್ನೂ ಶಾಶ್ವತವಾಗಿ ಬಿಟ್ಟಿದ್ದೇನೆ ಎಂದು ಲೇಖಕರು ತಿಳಿಸಿದ್ದರು.

ಈ ಮಾತಿನ ಬೆಲೆ ತಿಳಿಯಬೇಕಾದರೆ ಆ ಕಾಲದ ಇನ್ನೊಂದು ಭಾಷೆಯ ಕಥೆ ಹೇಳಬೇಕು. ಶ್ಲೇಯರ್ ಎಂಬ ಜರ್ಮನ್ ಪಾದ್ರಿ 1880ರ ಹೊತ್ತಿಗೇ ವೋಲಾಪ್ಯೂಕ್ ಎಂಬ ಭಾಷೆ ಪ್ರಕಟಿಸಿದ್ದರು. ಅದಕ್ಕೆ ಯುರೋಪಿನ ತುಂಬ ಸಂಘಗಳು, ಪತ್ರಿಕೆಗಳು ಹುಟ್ಟಿಕೊಂಡಿದ್ದವು. ಎಸ್ಪೆರಾಂಟೊ ಅದರ ಮುಂದೆ ಏನೂ ಅಲ್ಲ. ಆದರೆ ಬಳಸುವವರು ಕೆಲವು ತಿದ್ದುಪಡಿ ಕೇಳಿದಾಗ ಶ್ಲೇಯರ್ ಒಪ್ಪಲಿಲ್ಲ. ಭಾಷೆ ತನ್ನದು, ಕೊನೆಯ ಮಾತೂ ತನ್ನದೇ ಎಂದು ಹಟ ಹಿಡಿದರು. 1889ರ ಪ್ಯಾರಿಸ್ ಸಮ್ಮೇಳನದ ನಂತರ ಬಿರುಕು ದೊಡ್ಡದಾಗಿ, ಕೆಲವೇ ವರ್ಷಗಳಲ್ಲಿ ಆ ದೊಡ್ಡ ಮನೆ ಕುಸಿಯಿತು. ಇತ್ತ 1894ರಲ್ಲಿ ಎಸ್ಪೆರಾಂಟೊಗೂ ಅದೇ ಪರೀಕ್ಷೆ ಬಂತು. ಒತ್ತಾಯಕ್ಕೆ ಮಣಿದು ಜಾಮೆನ್‌ಹಾಫ್ ಅವರೇ ಒಂದು ತಿದ್ದುಪಡಿಯ ಕರಡು ಮಾಡಿ ಪತ್ರಿಕೆಯ ಚಂದಾದಾರರ ಮತಕ್ಕೆ ಹಾಕಿದರು. ಹೆಚ್ಚಿನವರು ಹಳೆಯದೇ ಇರಲಿ ಎಂದರು. ಕಟ್ಟಿದವನ ಹೊಸ ಕರಡನ್ನು ಕಲಿತವರು ತಳ್ಳಿಹಾಕಿದ್ದರು, ಕಟ್ಟಿದವನು ಅದನ್ನು ಒಪ್ಪಿ ಕರಡನ್ನು ಪಕ್ಕಕ್ಕಿಟ್ಟ. ಓಪನ್ ಸೋರ್ಸ್ ಎಂದು ನಾವು ಈಗ ಹೇಳಿಕೊಳ್ಳುವುದನ್ನು ಈ ವೈದ್ಯರು ಕಂಪ್ಯೂಟರ್ ಹುಟ್ಟುವ ಮುಂಚೆಯೇ ಮಾಡಿದ್ದರು.

ಇಷ್ಟೆಲ್ಲ ಆಗುವಾಗ ಮನೆಯಲ್ಲಿ ಕಷ್ಟವಿತ್ತು. ಮದುವೆಯಲ್ಲಿ ಬಂದ ಹಣ ಅಚ್ಚಿನ ಖರ್ಚಿಗೆ ಹೋಯಿತು. ಹೆಂಡತಿ ಮಕ್ಕಳನ್ನು ಮಾವನ ಮನೆಯಲ್ಲಿ ಬಿಟ್ಟು ದೂರದ ಖೆರ್ಸನ್‌ಗೆ ಹೋದರೂ ಅಲ್ಲಿ ದುಡಿಮೆ ಹತ್ತಲಿಲ್ಲ. ಆಮೇಲೆ ಗ್ರೋದ್ನೊ. ಕೊನೆಗೆ ವಾರ್ಸಾದ ಬಡ ಯಹೂದಿಗಳ ಬೀದಿಯಲ್ಲಿ ಮನೆ ಮತ್ತು ಕ್ಲಿನಿಕ್. ಫೀಸು ಕಡಿಮೆ, ರೋಗಿಗಳು ಜಾಸ್ತಿ. ಹಗಲು ಕಣ್ಣು ನೋಡುವುದು, ರಾತ್ರಿ ಎಸ್ಪೆರಾಂಟೊ ಪತ್ರಗಳಿಗೆ ಉತ್ತರ, ಅನುವಾದ. ಶೇಕ್ಸ್‌ಪಿಯರನ ಹ್ಯಾಮ್ಲೆಟ್, ಬೈಬಲ್ಲಿನ ಇಡೀ ಹಳೆಯ ಒಡಂಬಡಿಕೆ, ಆಂಡರ್ಸನ್ನನ ಮಕ್ಕಳ ಕಥೆಗಳು ಹೀಗೆ ರಾತ್ರಿಗಳಲ್ಲೇ ಆ ಭಾಷೆಗೆ ಬಂದವು. ನಿಯಮ ಬರೆದರೆ ಭಾಷೆಯಾಗುವುದಿಲ್ಲ, ಅದರಲ್ಲಿ ಸಾಹಿತ್ಯ ಇರಬೇಕು ಎಂಬುದು ಅವರಿಗೆ ತಿಳಿದಿತ್ತು.

1905ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಬೂಲೋನ್ ಎಂಬ ಸಮುದ್ರತೀರದ ಊರಿನಲ್ಲಿ ಮೊದಲ ವಿಶ್ವ ಸಮ್ಮೇಳನ ಸೇರಿತು. 20 ದೇಶಗಳಿಂದ 688 ಜನ ಬಂದಿದ್ದರು. ಪುಸ್ತಕದಿಂದ ಕಲಿತವರು, ಹೆಚ್ಚಿನವರು ಇನ್ನೊಬ್ಬರ ಬಾಯಲ್ಲಿ ಆ ಭಾಷೆ ಕೇಳಿಯೇ ಇಲ್ಲದವರು. ದುಭಾಷಿಗಳಿಲ್ಲದೆ ಒಬ್ಬರಿಗೊಬ್ಬರು ಮಾತಾಡಿದರು, ನಾಟಕ ಆಡಿದರು. ಒಬ್ಬನೇ ಬಲ್ಲವನಾಗಿ ಉಳಿದಿದ್ದ ಹುಡುಗ ಈಗ ನಲವತ್ತೈದರ ಪ್ರಾಯದ ಸಣ್ಣ ಆಳು, ಕನ್ನಡಕ, ಗಡ್ಡ, ವೇದಿಕೆ ಎಂದರೆ ಅಳುಕು. ಅಲ್ಲಿ ಒಪ್ಪಿದ ಘೋಷಣೆಯಲ್ಲಿ ಈ ಭಾಷೆಗೆ ಯಾವ ವ್ಯಕ್ತಿಯೂ ಒಡೆಯನಲ್ಲ, ಅದರ ಮೂಲ ನಿಯಮಗಳನ್ನು ಕರ್ತೃವೂ ಸೇರಿ ಯಾರೂ ಬದಲಿಸುವಂತಿಲ್ಲ ಎಂದು ಬರೆಸಿದರು. ಹೊಸ ಪದ ಸೇರಿಸಲು ಮಾತ್ರ ಎಲ್ಲರಿಗೂ ಬಿಡುವು.

ಅದೇ ಸಮ್ಮೇಳನದಲ್ಲಿ ಒಂದು ನೋವೂ ಇತ್ತು. ಅವರು ಯಹೂದಿ ಎಂಬುದು ಹೆಚ್ಚು ಪ್ರಚಾರವಾಗದಿರುವುದೇ ಒಳ್ಳೆಯದೆಂದು ಫ್ರಾನ್ಸಿನ ಮುಖಂಡರು ಎಚ್ಚರ ವಹಿಸಿದ್ದರು. ಯಾವ ಧರ್ಮದವರಾದರೂ ಎಲ್ಲರೂ ಒಬ್ಬ ದೇವರ ಮಕ್ಕಳು ಎಂಬ ಅರ್ಥ ಬರುವ ಪ್ರಾರ್ಥನಾ ಕವಿತೆಯೊಂದನ್ನು ಅವರು ಬರೆದು ತಂದಿದ್ದರು. ಅದರ ಕೊನೆಯ ನುಡಿ ಬೇಡವೆಂದರು. ಅವರು ಅದನ್ನು ಬಿಟ್ಟು ಓದಿದರು. ಜಗತ್ತಿನ ಎದುರು ನಿಂತ ದಿನವೇ, ಯಾವ ನೋವಿನಿಂದ ಆ ಭಾಷೆ ಹುಟ್ಟಿತೋ ಅದನ್ನು ನುಂಗಿಕೊಳ್ಳಬೇಕಾಯಿತು.

ಮರುವರ್ಷ, 1906ರ ಜೂನ್‌ನಲ್ಲಿ, ಅವರು ಹುಟ್ಟಿದ ಬಿಯಾಲಿಸ್ಟೋಕಿನಲ್ಲೇ ಯಹೂದಿಗಳ ಕಗ್ಗೊಲೆ ನಡೆಯಿತು. 80ಕ್ಕೂ ಹೆಚ್ಚು ಜನ ಸತ್ತರು. ಆಗಸ್ಟ್‌ನಲ್ಲಿ ಜಿನೀವಾ ಸಮ್ಮೇಳನದಲ್ಲಿ ಅವರು ಸುಮ್ಮನಿರಲಿಲ್ಲ. ತಮ್ಮ ಊರಿನ ಬೀದಿಗಳಲ್ಲಿ ಏನಾಯಿತೆಂದು ಸಭೆಗೆ ಹೇಳಿದರು. ಪತ್ರ ವ್ಯವಹಾರಕ್ಕೆ, ವ್ಯಾಪಾರಕ್ಕೆ ಅನುಕೂಲವೆಂದು ಮಾತ್ರ ಈ ಭಾಷೆ ಬೇಕೆನ್ನುವವರಿಗೆ, ತಾನು ಅದನ್ನು ಕಟ್ಟಿದ್ದು ಅಷ್ಟಕ್ಕೇ ಅಲ್ಲ ಎಂಬುದನ್ನು ಸ್ಪಷ್ಟಪಡಿಸಿದರು. ಒಂದು ಭಾಷೆ ಬಂದ ಮಾತ್ರಕ್ಕೆ ಜಗಳ ನಿಲ್ಲುತ್ತದೆಯೇ ಎಂದು ನಾನೂ ಯೋಚಿಸಿದ್ದೇನೆ. ಒಂದೇ ಭಾಷೆಯಾಡುವ ಅಣ್ಣತಮ್ಮಂದಿರು ತೋಟದ ಬದುವಿಗಾಗಿ ಕೋರ್ಟು ಹತ್ತುವುದನ್ನು ನೋಡಿದವರು ನಾವು. ಅವರಿಗೂ ಇದು ಗೊತ್ತಿತ್ತೆಂದು ಕಾಣುತ್ತದೆ. ಭಾಷೆಯ ಜೊತೆಗೆ ಎಲ್ಲ ಧರ್ಮಗಳವರೂ ಒಪ್ಪಬಹುದಾದ ಒಂದು ಮಾನವೀಯ ನಡವಳಿಕೆಯ ಬಗ್ಗೆಯೂ ಕೊನೆಯವರೆಗೆ ಬರೆಯುತ್ತಲೇ ಇದ್ದರು. ಅದನ್ನು ಕೇಳಿದವರು ಕಡಿಮೆ.

1907ರಲ್ಲಿ ಪ್ಯಾರಿಸ್ಸಿನ ಪಂಡಿತರ ಸಮಿತಿಯೊಂದರ ಮುಂದೆ ಎಸ್ಪೆರಾಂಟೊ ಪರವಾಗಿ ಮಾತಾಡಲು ಅವರು ನಂಬಿ ಕಳಿಸಿದವರೇ, ಹೆಸರು ಮುಚ್ಚಿಟ್ಟು ಬಂದ ಇನ್ನೊಂದು ತಿದ್ದಿದ ಭಾಷೆಯ ಹಿಂದಿದ್ದರೆಂದು ನಂತರ ಬಯಲಾಯಿತು. ಇಡೊ ಎಂದು ಅದರ ಹೆಸರು. ಹಲವು ಮುಖಂಡರು ಅತ್ತ ಹೋದರು, ಸಾಮಾನ್ಯ ಕಲಿಕೆಯವರು ಹೆಚ್ಚಾಗಿ ಇತ್ತಲೇ ಉಳಿದರು. ಜಾಮೆನ್‌ಹಾಫ್ ಕಹಿಯಾಗಿ ಬರೆದದ್ದು ಕಡಿಮೆ. 1912ರಲ್ಲಿ ಕ್ರಾಕೋ ಸಮ್ಮೇಳನದಲ್ಲಿ, ಇನ್ನು ಮುಂದೆ ತನ್ನನ್ನು ನಾಯಕನೆಂದು ಕಾಣಬಾರದು, ನಿಮ್ಮಲ್ಲಿ ಒಬ್ಬನಾಗಿ ಕೆಳಗೆ ಕೂರುತ್ತೇನೆ ಎಂದು ತಿಳಿಸಿ ವೇದಿಕೆಯಿಂದ ಸರಿದರು.

1914ರಲ್ಲಿ ಪ್ಯಾರಿಸ್ ಸಮ್ಮೇಳನಕ್ಕೆ ದಂಪತಿ ಹೊರಟಿದ್ದರು. ಜರ್ಮನಿಯ ಕಲೋನ್ ತಲುಪುವಷ್ಟರಲ್ಲಿ ಮಹಾಯುದ್ಧ ಶುರುವಾಯಿತು. ಗಡಿಗಳು ಮುಚ್ಚಿದವು. ಸಾಮಾನು ಕಳೆದುಕೊಂಡು, ಸ್ವೀಡನ್ ಫಿನ್‌ಲ್ಯಾಂಡ್‌ಗಳನ್ನು ಸುತ್ತಿಕೊಂಡು ಬಹಳ ಪಾಡುಪಟ್ಟು ವಾರ್ಸಾ ಸೇರಿದರು. ಮೊದಲೇ ಹೃದಯ ಸೋತಿತ್ತು. ಜನಾಂಗಗಳ ನಡುವಿನ ಹಗೆ ಕರಗಲೆಂದು ಬದುಕು ತೆತ್ತವರು 1917ರ ಏಪ್ರಿಲ್ 14ರಂದು, ಆ ಯುದ್ಧ ಇನ್ನೂ ನಡೆಯುತ್ತಿರುವಾಗಲೇ ತೀರಿಕೊಂಡರು. 57 ವರ್ಷ. ಶವಯಾತ್ರೆಯಲ್ಲಿ ಅವರ ಬಡ ರೋಗಿಗಳೂ ಇದ್ದರು.

ಮಕ್ಕಳ ಕಥೆಯನ್ನು ಬಿಡಬಾರದು. ಮಗ ಆದಂ ತಂದೆಯಂತೆ ಕಣ್ಣಿನ ವೈದ್ಯರಾದರು. ದೊಡ್ಡ ಮಗಳು ಜೋಫಿಯಾ ಕೂಡ ವೈದ್ಯೆ. ಕಿರಿಯ ಮಗಳು ಲಿಡಿಯಾ ದೇಶ ದೇಶ ತಿರುಗಿ ಎಸ್ಪೆರಾಂಟೊ ಕಲಿಸಿದರು. ಹಿಟ್ಲರ್ ತನ್ನ ಪುಸ್ತಕದಲ್ಲಿ ಎಸ್ಪೆರಾಂಟೊವನ್ನು ಯಹೂದಿಗಳ ಪಿತೂರಿಗೆ ಸೇರಿಸಿ ಬರೆದಿದ್ದ. ನಾಜಿ ಸೈನ್ಯ ವಾರ್ಸಾ ಹಿಡಿದ ಮೇಲೆ ಆದಂ ಅವರನ್ನು 1940ರಲ್ಲಿ ಗುಂಡಿಟ್ಟು ಕೊಂದರು. ಇಬ್ಬರು ಹೆಣ್ಣುಮಕ್ಕಳನ್ನು 1942ರಲ್ಲಿ ಟ್ರೆಬ್ಲಿಂಕಾದ ಸಾವಿನ ಶಿಬಿರದಲ್ಲಿ ಕೊಂದರು. ರಷ್ಯಾದಲ್ಲಿ ಸ್ಟಾಲಿನ್ ಕಾಲದಲ್ಲೂ ಎಸ್ಪೆರಾಂಟೊ ಕಲಿತವರು ಜೈಲು ಪಾಲಾದರು, ಕೊಲೆಯಾದರು. ಒಡೆಯನಿಲ್ಲದ ಭಾಷೆಯಾದ್ದರಿಂದ ಯಾರನ್ನು ಕೊಂದರೂ ಅದು ಸಾಯಲಿಲ್ಲ. 1954ರಲ್ಲಿ ಯುನೆಸ್ಕೊ ಅದರ ಸಾಧನೆಯನ್ನು ಗುರುತಿಸಿ ನಿರ್ಣಯ ಮಾಡಿತು. ಇಂದು ಅದರ ವಿಕಿಪೀಡಿಯಾದಲ್ಲಿ 3 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ, ನಮ್ಮ ಕನ್ನಡ ವಿಕಿಪೀಡಿಯಾದಲ್ಲಿರುವುದಕ್ಕಿಂತ ಹಲವು ಪಟ್ಟು. ಅಪ್ಪ ಅಮ್ಮ ಇಬ್ಬರೂ ಬೇರೆ ಬೇರೆ ಭಾಷೆಯವರಾಗಿ ಎಸ್ಪೆರಾಂಟೊದಿಂದ ಪರಿಚಯವಾಗಿ ಮದುವೆಯಾದ ಮನೆಗಳಲ್ಲಿ ಮಕ್ಕಳಿಗೆ ಅದು ಮನೆಮಾತೇ ಆಗಿದೆ.

1878ರ ಆ ನೋಟ್‌ಬುಕ್ಕಿನ ಭಾಷೆಯಲ್ಲಿ ಉಳಿದಿರುವುದು ಅಂದು ಹುಡುಗರು ಹಾಡಿದ ಹಾಡಿನ ನಾಲ್ಕು ಸಾಲು ಮಾತ್ರ. ಎಷ್ಟೋ ವರ್ಷಗಳ ನಂತರ ಮಿತ್ರರೊಬ್ಬರಿಗೆ ಬರೆದ ಪತ್ರದಲ್ಲಿ ಜಾಮೆನ್‌ಹಾಫ್ ಅವನ್ನು ನೆನಪಿನಿಂದ ಬರೆದಿಟ್ಟರು. ಇನ್ನು ನಮ್ಮ ಮೂವರ ನೋಟ್‌ಬುಕ್, ನಾನು ಪಿಯುಸಿಗೆ ಹೋದ ವರ್ಷ ರದ್ದಿಯವನ ಸೈಕಲ್ ಹತ್ತಿ ಹೋಯಿತು. ಇನ್ನೂರು ಪದಗಳಲ್ಲಿ ನನಗೆ ನೆನಪಿರುವುದು ಎರಡು, ಮಳೆಗೆ ಇಟ್ಟದ್ದು ಮತ್ತು ಹೆಡ್‌ಮಾಸ್ಟರಿಗೆ ಇಟ್ಟದ್ದು. ಆ ಇಬ್ಬರು ಗೆಳೆಯರು ಈಗ ಎಲ್ಲಿದ್ದಾರೋ. ಈ ಸಂಚಿಕೆ ಅವರ ಕೈ ಸೇರಿದರೆ, ಉಳಿದ ಪದಗಳಲ್ಲಿ ತಮಗೆ ನೆನಪಿರುವಷ್ಟನ್ನು ಸಮಾರಂಭದ ದಿನ ಬರೆದು ತರಲಿ.